ಮುಚ್ಚಳ ತೆಗೆದ ಮೇಲೆ

ಹರಿಹರದ ಕಡೆಯಿಂದ ಬಂದ ಹತ್ತು ಗಾಲಿಯ ಲಾರಿ
ಕಬ್ಬಿಣದ ಹಾಸಿನ ಮೇಲೆ ನಿಂತು ಉಸಿರು ಬಿಡುತ್ತದೆ.
ಮೆಕ್ಕೆಜೋಳ. ಗೋಡೆಯ ಕೆಂಪಂಕಿ ಆಗಲೇ ನಿಂತಿದೆ:
ಇಪ್ಪತ್ತಾರು ಸಾವಿರದ ನಾನೂರ ಇಪ್ಪತ್ತು.
ನನ್ನ ಲ್ಯಾಪ್‌ಟಾಪು ಮಾತ್ರ ಇನ್ನೂ ಎದ್ದಿಲ್ಲ.

ದೀಪ ಮಿಟುಕಿಸಿತು.
ಫ್ಯಾನು ಒಮ್ಮೆ ಗೊರಗುಟ್ಟಿ ಸುಮ್ಮನಾಯಿತು.
ಕಪ್ಪು ತೆರೆಯ ಮೇಲೆ ಬಾಣವೊಂದು ಬಂದು
ನಸುಕಿನ ಬಸ್ಸಿಗೆ ಇಳಿದ ನೆಂಟನ ಹಾಗೆ
ಅತ್ತ ಇತ್ತ ನೋಡುತ್ತ ನಿಂತಿದೆ,
ಮನೆಯವರು ಯಾರೂ ಬಾಗಿಲು ತೆಗೆದಿಲ್ಲ.

"ಏನಕ್ಕಾ, ಕುಂಭಕರ್ಣನಾ?" ಡ್ರೈವರ್ ಓಬಳೇಶಿ ಕೂಗುತ್ತಾನೆ.
ಈ ಮಾತನ್ನು ದಿನಕ್ಕೆ ಹದಿನಾರು ಸಲ ಕೇಳುತ್ತೇನೆ.
ಹೇಳಿದವನೆಲ್ಲ ತಾನೇ ಕಂಡುಹಿಡಿದಂತೆ ನಗುತ್ತಾನೆ.
ನಾನು ಎಣಿಸುತ್ತಿರುತ್ತೇನೆ. ಅರವತ್ನಾಲ್ಕು, ಅರವತ್ತೈದು,
ಅರವತ್ತಾರಕ್ಕೆ ಬೆಳಕು.

ಮೊದಲು ಧೂಳೆಂದರು. ಸುಳ್ಳಲ್ಲ,
ದಾವಣಗೆರೆ ಮಾರ್ಕೆಟ್ ಯಾರ್ಡಿನ ಹೊಟ್ಟು
ಅನ್ನದ ಡಬ್ಬಿಯನ್ನೂ ಬಿಡುವುದಿಲ್ಲ.
ಯಜಮಾನರು ಬಗ್ಗಿ ಊದಿದರು,
ಊದಿದ್ದೆಲ್ಲ ಅವರ ಕನ್ನಡಕಕ್ಕೇ ಬಂತು.
ಆಮೇಲೆ ಮೆಮೊರಿ ಹಾಕಿಸಿದೆವು, ಎರಡು ಸಾವಿರದ ಮುನ್ನೂರು.
ಎಪ್ಪತ್ತಿದ್ದದ್ದು ಅರವತ್ತಾರಾಯಿತು.
ಸೆಕೆಂಡಿಗೆ ಐನೂರ ಎಪ್ಪತ್ತೈದು ಬಿತ್ತಲ್ಲೇ
ಎಂದು ಅವರು ಭಾಗಿಸಿ ನೋಡಿ ಬೀಡಿ ಹಚ್ಚಿದರು.

ನಿದ್ದೆಯೇ ಬೇಡವೆಂದು ಒಂದು ವಾರ ಎಚ್ಚರವಿಟ್ಟೆ.
ಕಾದ ಹೆಂಚಾಯಿತು. ಕರೆಂಟು ಹೋದ ಒಂದು ಮಧ್ಯಾಹ್ನ
ಹನ್ನೊಂದು ಲಾರಿಯ ಲೆಕ್ಕ ಬಾಯಲ್ಲಿಟ್ಟುಕೊಂಡೇ ಆರಿಹೋಯಿತು.
ನಿದ್ದೆಗೆಟ್ಟವರ ಸಿಟ್ಟು ನನಗೆ ಗೊತ್ತು.
ಮತ್ತೆ ಮಲಗಿಸಿದೆ.

ಅಶೋಕ ರಸ್ತೆಯ ರೈಲ್ವೆ ಗೇಟು ಹಾಕಿತ್ತೆಂದು
ಪರ್ವೀಜ್ ತಡವಾಗಿ ಬಂದ.
ಒಂದು ಸ್ಕ್ರೂವನ್ನೂ ಬಿಚ್ಚಲಿಲ್ಲ.
ಮುಚ್ಚಿದ, ತೆಗೆದ, ಕೈಕಟ್ಟಿ ಕೂತು ನೋಡಿದ, ಮತ್ತೆ ಮುಚ್ಚಿದ.
"ಇದು ಆಗ್ಲೇ ಎದ್ದಿರುತ್ತೆ ಅಕ್ಕಾ.
ಎದ್ದು ಯಾರನ್ನೋ ಕರೀತೈತಿ.
ಓ ಅನ್ಲಿ ಅಂತ ಕಾಯ್ತೈತಿ."

ಅವನ ಬೆರಳಿನ ತುದಿಗೆ ಕೆಂಪು ಗುಣಾಕಾರದ ಗುರುತು,
ಪಕ್ಕದಲ್ಲಿ ಹೆಸರು: ಹಾಲಪ್ಪ ಪಿಸಿ.

ಹನ್ನೊಂದು ವರ್ಷ ಇದೇ ಕೋಣೆ, ಆಚೆಯ ಮೇಜು.
ನಾನು ತೂಗುವುದು, ಅವನು ಬಿಲ್ಲು ಬರೆಯುವುದು,
ನಡುವೆ ಒಂದು ನೀಲಿ ವೈರು.
ಅವನ ಹೆಂಡತಿಯ ಶೇಂಗಾ ಚಟ್ನಿ ನನ್ನ ರೊಟ್ಟಿಗೂ ಬರುತ್ತಿತ್ತು.
ಒಂದು ಖಾಲಿ ಲಾರಿಯ ತೂಕದಲ್ಲಿ ನಲವತ್ತು ಕಿಲೋ ವ್ಯತ್ಯಾಸ.
ನೀನು, ನೀನು ಎಂದು ಶುರುವಾದದ್ದು
ನಿಮ್ಮಪ್ಪ ಎಂಬಲ್ಲಿಗೆ ಹೋಯಿತು.
ವೈರು ಕಿತ್ತು, ಪಿಸಿ ಹೊತ್ತು ನಡೆದ.
ಈಗ ರಸ್ತೆಯ ಆಚೆ ಅವನದೇ ವೇಬ್ರಿಡ್ಜು,
ಬೋರ್ಡಿನ ಮೇಲೆ 'ನಿಖರ ತೂಕ' ಎಂಬ ಚುಚ್ಚುಮಾತು.

ಎರಡು ಯುಗಾದಿ ನಾನು ಅವನ ಕಡೆ ಮುಖ ಮಾಡಿಲ್ಲ.
ಇದು ಮಾತ್ರ, ನನ್ನ ಉಪ್ಪು ತಿಂದದ್ದು,
ಕಣ್ಣು ಬಿಟ್ಟಾಗಲೆಲ್ಲ ಕರೆದಿದೆ:
ಹಾಲಪ್ಪಾ, ಅದೀಯೇನಪ್ಪಾ?

"ತೆಗೀಲಾ?" ಎಂದ ಪರ್ವೀಜ್.
ತೆಗಿ ಎಂದೆ.
ಒಂದು ಕ್ಲಿಕ್ಕು. ನೂರೈವತ್ತು ರೂಪಾಯಿ.
ಒಂದು ಮುಷ್ಟಿ ಮಂಡಕ್ಕಿ ಬಾಯಿಗೆ ಎಸೆದುಕೊಂಡು ಹೊರಟ.

ಈಗ ನಾಲ್ಕು ಸೆಕೆಂಡು.
ಓಬಳೇಶಿ ಕ್ಯಾಬಿನ್ನಿನಿಂದ ಇಳಿಯುವ ಮೊದಲೇ ಚೀಟಿ ಸಿದ್ಧ.
ನಗೆಮಾತಿಗೆ ಬಾಯಿ ತೆರೆದವನು ಹಾಗೇ ಮುಚ್ಚಿಕೊಂಡ.
ಉಳಿದ ಅರವತ್ತೆರಡನ್ನು ಏನು ಮಾಡಲೆಂದು ತಿಳಿಯದೆ
ಕಿಟಕಿಯಾಚೆ ನೋಡಿದೆ.

ಅಲ್ಲೂ ಹಾಸಿನ ಮೇಲೆ ಒಂದು ಲಾರಿ, ಅದರ ಹಿಂದೆ ಮೂರು.
ಹಾರನ್ನು ಬಿಡದೆ ಹೊಡೆಯುತ್ತಿದೆ.
ಹಾಲಪ್ಪ ಬಾಗಿಲಲ್ಲಿ ನಿಂತು
ಟವಲಿನಿಂದ ಕತ್ತು ಒರೆಸಿಕೊಳ್ಳುತ್ತಿದ್ದಾನೆ,
ತುಟಿ ಅಲ್ಲಾಡುತ್ತಿದೆ.
ಎಣಿಸುತ್ತಿದ್ದಾನೆ.

ಚೀಟಿಯೊಂದರ ಬೆನ್ನಿಗೆ ಪರ್ವೀಜನ ನಂಬರು ಬರೆದೆ.
ಆ ಕಡೆ ಹೋಗ್ತೀಯಲ್ಲ, ಕೊಡು ಓಬಳೇಶಿ,
ನಾನು ಕೊಟ್ಟೆ ಅನ್ನಬೇಡ.
ಅವನು ಚೀಟಿಯನ್ನು ತಿರುಗಿಸಿದ.
ದಪ್ಪಕ್ಷರದಲ್ಲಿ ನಮ್ಮ ವೇಬ್ರಿಡ್ಜಿನ ಹೆಸರು,
ಕೆಳಗೆ ನನ್ನ ಸಹಿ.
ಆಯ್ತಕ್ಕಾ ಎಂದ,
ಅನ್ನಲ್ಲ.